ಹಲೋ ಅನ್ನೋಕೆ ಮುಂಚೆ: ಪಿ.ಪಿ. ಕಾಲ್‌ನಿಂದ ವೋಲ್ಟಿವರೆಗೆ

ಇವತ್ತಿನ ಸಂಚಿಕೆ ನಮ್ಮ ಮನೆಯಿಂದಲೇ ಶುರು.

ಹೋದ ವರ್ಷ ಒಂದು ಮಧ್ಯಾಹ್ನ ಹೊಸದುರ್ಗದಲ್ಲಿರೋ ನಮ್ಮಮ್ಮನ ಮೊಬೈಲ್‌ಗೆ ಒಂದು ಫೋನ್ ಬಂತು. ಪರದೆ ಮೇಲೆ 08194 ಅಂತ ಶುರುವಾಗೋ ನಂಬರ್. ನಮ್ಮ ಕಡೆಯವರಿಗೆ ಗೊತ್ತಿರುತ್ತೆ, ಅದು ಚಿತ್ರದುರ್ಗದ ಕೋಡ್. ಯಾವುದೋ ಸರ್ಕಾರಿ ಕಚೇರಿ ಇರಬೇಕು ಅಂದ್ಕೊಂಡು ಅಮ್ಮ ಎತ್ತಿದ್ಲು. ಆ ಕಡೆಯಿಂದ ಗಂಭೀರವಾದ ದನಿ: ನಿಮ್ಮ ಹೆಸರಲ್ಲಿ ಇನ್ನೊಂದು ಸಿಮ್ ಇದೆ, ಅದರಿಂದ ಅಪರಾಧ ನಡೆದಿದೆ, ಎರಡು ಗಂಟೆಯಲ್ಲಿ ನಿಮ್ಮ ಫೋನ್ ಬಂದ್ ಆಗುತ್ತೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ. ಮುಕ್ಕಾಲು ಗಂಟೆ ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಪಕ್ಕದ ಮನೆಯ ಅಕ್ಕ ಮೊಸರಿಗೆ ಹೆಪ್ಪು ಕೇಳೋಕೆ ಬಂದವರು, ಅಮ್ಮನ ಮುಖ ನೋಡಿ, ಫೋನ್ ಕಿತ್ಕೊಂಡು ಆಫ್ ಮಾಡಿದ್ರು. ದುಡ್ಡು ಉಳೀತು. ಸಂಜೆ ನಾನು ಅದೇ 08194 ನಂಬರಿಗೆ ವಾಪಸ್ ಮಾಡಿದ್ರೆ, ಅಂಥ ನಂಬರೇ ಚಾಲ್ತಿಯಲ್ಲಿಲ್ಲ.

ಅಮ್ಮ ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ದುರ್ಗದ ನಂಬರ್ ಅಂತ ಫೋನೇ ತೋರಿಸ್ತಲ್ಲಪ್ಪಾ, ಫೋನ್ ಯಾಕೆ ಸುಳ್ಳು ಹೇಳ್ತು?"

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ಅರವತ್ತು, ಎಪ್ಪತ್ತು ವರ್ಷದ ಹಿಂದಕ್ಕೆ ಹೋಗಬೇಕಾಗುತ್ತೆ. ಯಾಕಂದ್ರೆ ಫೋನ್ ಅನ್ನೋದು ಎರಡು ಕೆಲಸ. ಒಂದು, ಮಾತನ್ನ ಸಾಗಿಸೋದು. ಎರಡನೆಯದು ನಮಗೆ ಕೇಳಿಸೋದಿಲ್ಲ. ಯಾರು ಯಾರಿಗೆ ಕರೀತಿದ್ದಾರೆ, ಅವರು ಎಲ್ಲಿದ್ದಾರೆ, ಗಂಟೆ ಬಾರಿಸಲಾ, ಎತ್ತಿದ್ರಾ, ಇಟ್ರಾ, ದುಡ್ಡು ಯಾರ ಲೆಕ್ಕಕ್ಕೆ, ಇದನ್ನೆಲ್ಲ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡ್ಕೊಳ್ಳೋದು. ಅದಕ್ಕೆ ಸಿಗ್ನಲಿಂಗ್ ಅಂತಾರೆ. ಆ ಮಾತುಕತೆಗೆ ಇರೋ ನಿಯಮಾವಳಿಯೇ ಸಿಗ್ನಲಿಂಗ್ ಪ್ರೋಟೋಕಾಲ್. ನಾವು "ಹಲೋ" ಅನ್ನೋ ಹೊತ್ತಿಗೆ ಆ ಕೆಲಸದ ಬಹುಪಾಲು ಮುಗಿದಿರುತ್ತೆ.

ಒಂದು ಕಾಲದಲ್ಲಿ ಈ ಕೆಲಸವನ್ನ ಮನುಷ್ಯರು ಮಾಡ್ತಿದ್ರು.

ನಮ್ಮಜ್ಜಂದು ಕೊಬ್ಬರಿ ವ್ಯಾಪಾರ. ಹೊಸದುರ್ಗದ ತೆಂಗು ನಿಮಗೆ ಗೊತ್ತೇ ಇದೆ. ಕೊಬ್ಬರಿ ರೇಟು ತಿಳೀಬೇಕಂದ್ರೆ ತಿಪಟೂರಿಗೆ ಟ್ರಂಕ್ ಕಾಲ್ ಮಾಡಬೇಕಿತ್ತು. ಎಕ್ಸ್‌ಚೇಂಜ್‌ಗೆ ಫೋನ್ ಮಾಡಿ, ಇಂಥ ಊರು, ಇಂಥ ನಂಬರ್ ಅಂತ ಬುಕ್ ಮಾಡೋದು. ಆಪರೇಟರ್ ಒಂದು ಚೀಟಿಯಲ್ಲಿ ಬರ್ಕೊಳ್ಳೋರು. ಆಮೇಲೆ ಮಧ್ಯದ ಊರಿನ ಆಪರೇಟರ್, ಅವರಿಂದ ಮುಂದಿನವರು, ಹೀಗೆ ಒಬ್ಬರನ್ನೊಬ್ಬರು ಕೂಗಿ, ಹಗ್ಗಕ್ಕೆ ಹಗ್ಗ ಗಂಟು ಹಾಕಿದ ಹಾಗೆ ಲೈನ್ ಜೋಡಿಸಬೇಕು. ಆರ್ಡಿನರಿ ಕಾಲ್ ಆದ್ರೆ ಬೆಳಿಗ್ಗೆ ಬುಕ್ ಮಾಡಿ ಮಧ್ಯಾಹ್ನದ ತನಕ ಕಾಯೋದು ಮಾಮೂಲು. ಅರ್ಜೆಂಟ್ ಅಂದ್ರೆ ದರ ಎರಡು ಪಟ್ಟು. ಲೈಟ್ನಿಂಗ್ ಅಂತ ಇನ್ನೊಂದು ಇತ್ತು, ಎಂಟು ಪಟ್ಟು. ಅದು ಸಾವಿನ ಸುದ್ದಿಗೆ ಮಾತ್ರ ಅನ್ನೋರು ನಮ್ಮಜ್ಜ. ಕೊಬ್ಬರಿ ದಿಢೀರ್ ಬಿದ್ದಾಗಲೂ ಒಂದ್ಸಲ ಮಾಡಿದ್ರಂತೆ. ವ್ಯಾಪಾರಿಗೆ ಎರಡೂ ಒಂದೇ ಇರಬೇಕು.

ಇನ್ನೊಂದು ಬಗೆ ಇತ್ತು, ಅದನ್ನ ನೆನಪಲ್ಲಿ ಇಟ್ಕೊಳ್ಳಿ: ಪಿ.ಪಿ. ಕಾಲ್. ಪರ್ಟಿಕ್ಯುಲರ್ ಪರ್ಸನ್. ಅಂದ್ರೆ ನೀವು ಬುಕ್ ಮಾಡೋದು ನಂಬರನ್ನಲ್ಲ, ಒಬ್ಬ ಮನುಷ್ಯನನ್ನ. "ಇಂಥ ಮಂಡಿಯಲ್ಲಿ ಇಂಥವರು ಬೇಕು" ಅಂದ್ರೆ, ಅವರು ಸಿಕ್ಕಿದ ಮೇಲೇ ಲೈನ್ ಕೊಡೋದು. ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು. ಫೋನ್ ಇಲ್ಲದವರು ಪಕ್ಕದ ಅಂಗಡಿಯ ನಂಬರನ್ನೇ ಮದುವೆ ಕಾರ್ಡಲ್ಲಿ ಹಾಕಿಸಿ, ಮುಂದೆ ಬ್ರಾಕೆಟ್‌ನಲ್ಲಿ "ಪಿ.ಪಿ." ಅಂತ ಅಚ್ಚು ಹಾಕಿಸ್ತಿದ್ರು. ಹಳೇ ಕಾರ್ಡ್ ಇದ್ರೆ ತೆಗೆದು ನೋಡಿ, ಸಿಗುತ್ತೆ. ಫೋನ್ ಬಂದ್ರೆ ಅಂಗಡಿ ಹುಡುಗ ಓಡಿ ಹೋಗಿ ಕರ್ಕೊಂಡು ಬರೋನು.

ಈ ವ್ಯವಸ್ಥೆ ನಿಧಾನ, ದುಬಾರಿ, ಗುಟ್ಟು ಉಳಿಯೋದಿಲ್ಲ. ಆಪರೇಟರ್‌ಗೆ ಊರಿನ ಸಾಲ, ಸಂಬಂಧ ಎಲ್ಲಾ ಗೊತ್ತು. ಆದ್ರೆ ಒಂದು ಗುಣ ಇತ್ತು. ಫೋನ್ ಬಂದಾಗ ಮೊದಲು ಕೇಳಿಸ್ತಿದ್ದದ್ದು ಆಪರೇಟರ್ ದನಿ: "ತಿಪಟೂರಿಂದ ಕಾಲ್ ಇದೆ, ಮಾತಾಡಿ." ಎಲ್ಲಿಂದ ಅಂತ ಹೇಳ್ತಿದ್ದದ್ದು ಕರೆ ಮಾಡಿದವನಲ್ಲ, ಮಧ್ಯದಲ್ಲಿದ್ದವರು. ಸುಳ್ಳಾದ್ರೆ ಕೇಳೋಕೆ ಒಬ್ಬ ಮನುಷ್ಯ ಇದ್ದ.

ಮಧ್ಯದವರ ಮೇಲೆ ಅನುಮಾನ ಬಂದವರೂ ಇದ್ರು ಅನ್ನಿ. ಅಮೆರಿಕದಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ, ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡೋ ವೃತ್ತಿಯವನು. ಊರಿನ ಆಪರೇಟರ್ ತನ್ನ ಗಿರಾಕಿಗಳ ಕರೆಯನ್ನ ಎದುರಾಳಿ ಅಂಗಡಿಗೆ ತಿರುಗಿಸ್ತಿದ್ದಾಳೆ ಅಂತ ಅವನಿಗೆ ಸಂಶಯ ಬಂತು ಅನ್ನೋದು ಪ್ರಸಿದ್ಧ ಕತೆ. ಸಿಟ್ಟಿಗೆ ಆಪರೇಟರೇ ಬೇಡದ ಯಂತ್ರ ಕಂಡುಹಿಡಿದ, 1891ರಲ್ಲಿ ಪೇಟೆಂಟ್ ಸಿಕ್ಕಿತು. ಡಯಲ್ ತಿರುಗಿಸಿದ್ರೆ ತಂತಿಯಲ್ಲಿ ಟಕ್ ಟಕ್ ಅಂತ ಕರೆಂಟ್ ಕಡಿದು ಸೇರುತ್ತೆ. 4 ತಿರುಗಿಸಿದ್ರೆ ನಾಲ್ಕು ಸಲ. ಅಷ್ಟೇ ಮೆಟ್ಟಿಲು ಎಕ್ಸ್‌ಚೇಂಜಿನ ಸ್ವಿಚ್ ಹತ್ತುತ್ತೆ. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ದಶಕಗಳ ಕಾಲ ತಯಾರಿಸಿದ್ದು ಇದೇ ಸ್ಟ್ರೌಜರ್ ಯಂತ್ರಗಳನ್ನ.

ಆಪರೇಟರ್ ಇಲ್ಲದೆ ಊರಿಂದೂರಿಗೆ ನೇರವಾಗಿ ಡಯಲ್ ಮಾಡೋದು, ಅಂದ್ರೆ ಎಸ್‌ಟಿಡಿ, ನಮ್ಮ ದೇಶದಲ್ಲಿ ಮೊದಲು ಬಂದಿದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ಅದು ಬೇರೆ ಊರುಗಳಿಗೂ ಹರಡಬೇಕಂದ್ರೆ ಪ್ರತಿ ಊರಿಗೂ ಒಂದು ಕೋಡ್ ಬೇಕು. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ, ಸ್ವಲ್ಪ ನಿಂತು ಹೇಳ್ತೀನಿ.

ಹೊಳಲ್ಕೆರೆ 08191. ಹಿರಿಯೂರು 08193. ಚಿತ್ರದುರ್ಗ 08194. ಚಳ್ಳಕೆರೆ 08195. ಮೊಳಕಾಲ್ಮೂರು 08198. ಹೊಸದುರ್ಗ 08199. ಎಲ್ಲಾ 819ರ ಮನೆತನ. ಸರಿ, ಹಾಗಾದ್ರೆ 08192 ಎಲ್ಲಿ ಹೋಯ್ತು? ಅದು ದಾವಣಗೆರೆ, ಹರಿಹರ. 08196? ಜಗಳೂರು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆ ಆಯ್ತು. ಅದಕ್ಕೂ ಮುಂಚೆ ಇವೆಲ್ಲ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು. ಜಿಲ್ಲೆ ಒಡೆದು ಹೋದ್ರೂ ಟೆಲಿಫೋನಿನಲ್ಲಿ ಮನೆ ಪಾಲಾಗಲಿಲ್ಲ. ಹೊಸ ಜಿಲ್ಲೆಗೆ ಶಿವಮೊಗ್ಗದಿಂದ ಬಂದ ಹೊನ್ನಾಳಿ 08188, ಚನ್ನಗಿರಿ 08189, ಇವತ್ತಿಗೂ ಶಿವಮೊಗ್ಗದ 818ರ ಜೊತೆಗೇ ಇವೆ. ಬಳ್ಳಾರಿಯಿಂದ ಬಂದ ಹರಪನಹಳ್ಳಿ 08398. ಆ ತಾಲ್ಲೂಕು ದಾವಣಗೆರೆಗೆ ಬಂತು, ವಾಪಸ್ ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ ಜಿಲ್ಲೆ. ಕೋಡ್ ಮಾತ್ರ ಕೂತಲ್ಲೇ ಕೂತಿದೆ. ಇತಿಹಾಸ ಅಂದ್ರೆ ಶಾಸನ, ಕೋಟೆ ಅಂತ ಹುಡುಕ್ತೀವಿ. ಹಳೇ ಜಿಲ್ಲೆಯ ನಕ್ಷೆ ನಿಮ್ಮ ಕಾಂಟ್ಯಾಕ್ಟ್ ಲಿಸ್ಟಲ್ಲೇ ಇದೆ!

ಕೋಡ್ ಸುಮ್ಮನೆ ಇಟ್ಟ ಹೆಸರಲ್ಲ. ಅದೇ ದಾರಿ. ಸೊನ್ನೆ ಒತ್ತಿದ್ರೆ ಊರಾಚೆಗೆ ಅಂತ ಎಕ್ಸ್‌ಚೇಂಜಿಗೆ ಅರ್ಥ ಆಗುತ್ತೆ. ಆಮೇಲಿನ ಒಂದೊಂದು ಅಂಕಿ ದಾರಿಯನ್ನ ಕಿರಿದು ಮಾಡ್ತಾ ಹೋಗುತ್ತೆ. ಆ ಅಂಕಿಗಳನ್ನ ಒಂದು ಎಕ್ಸ್‌ಚೇಂಜ್ ಇನ್ನೊಂದಕ್ಕೆ ದಾಟಿಸೋಕೆ ನಮ್ಮಲ್ಲಿ ಬಹಳ ಕಾಲ ಬಳಕೆಯಲ್ಲಿದ್ದದ್ದು ಆರ್2 ಅನ್ನೋ ಪದ್ಧತಿ. ಎರಡೆರಡು ಸ್ವರ ಸೇರಿಸಿ ಒಂದು ಅಂಕಿ. ಈ ಕಡೆಯದು ಸ್ವರ ಹಿಡಿದು ನಿಲ್ಲುತ್ತೆ, ಆ ಕಡೆಯದು "ಕೇಳ್ತು, ಮುಂದಿನದು ಹೇಳು" ಅಂತ ತನ್ನ ಸ್ವರದಲ್ಲಿ ಉತ್ತರ ಕೊಡೋ ತನಕ ಬಿಡೋದಿಲ್ಲ. ಅಂಗಡಿಯಲ್ಲಿ ಒಬ್ಬ ಲೆಕ್ಕ ಓದ್ತಾನೆ, ಇನ್ನೊಬ್ಬ "ಹ್ಞೂಂ" ಅಂದ ಮೇಲೇ ಮುಂದಿನ ಸಾಲು, ಹಾಗೆ.

ಮೊದಲು ಮಾತಿದ್ದ ಜಾಗಕ್ಕೆ ಅಂಕಿ ಬಂತು. ಹುಡುಗ ಓಡೋದು ನಿಂತು, ಗಂಟೆ ಬಾರಿಸಿತು. ಜೊತೆಗೆ ಮನುಷ್ಯನೂ ಹೋದ. ಈಗ ನೀವು ಕರೆಯೋದು ಒಂದು ತಂತಿಯ ತುದಿಯನ್ನ. ಆ ತುದಿಯಲ್ಲಿ ಯಾರು ಎತ್ತುತ್ತಾರೋ ಅವರೇ ಗತಿ.

ಹಳ್ಳಿಗಳಿಗೆ ಇದು ಬಂದಿದ್ದು ತಡವಾಗಿ. ವಿದೇಶಿ ಎಕ್ಸ್‌ಚೇಂಜುಗಳಿಗೆ ಎ.ಸಿ. ಬೇಕು, ಧೂಳು ಆಗೋದಿಲ್ಲ. ಹಿರಿಯೂರಿನ ಏಪ್ರಿಲ್ ಬಿಸಿಲಲ್ಲಿ ಅದನ್ನ ಇಡೋದೆಲ್ಲಿ? 1984ರಲ್ಲಿ ಸ್ಯಾಮ್ ಪಿತ್ರೋಡಾ ಪ್ರೇರಣೆಯಿಂದ ಹುಟ್ಟಿದ ಸಿ-ಡಾಟ್ ಸಂಸ್ಥೆಗೆ ಕೊಟ್ಟಿದ್ದು 36 ತಿಂಗಳು, 36 ಕೋಟಿ ರೂಪಾಯಿ. ಅವರು ಮೊದಲು ಮಾಡಿದ್ದು 128 ಪೋರ್ಟಿನ ಚಿಕ್ಕ ಗ್ರಾಮೀಣ ಎಕ್ಸ್‌ಚೇಂಜ್, ಎ.ಸಿ. ಇಲ್ಲದೆ ನಡೆಯೋದು. ಅದು ಮೊಟ್ಟಮೊದಲು ಕೆಲಸ ಶುರು ಮಾಡಿದ್ದು 1986ರ ಜುಲೈನಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಹಿರಿಯೂರು, ಚಿತ್ರದುರ್ಗ ದಾಟಿ ಅದೇ ಪುಣೆ ಹೆದ್ದಾರಿಯಲ್ಲಿ ಹೋದ್ರೆ ಹುಬ್ಬಳ್ಳಿ, ಧಾರವಾಡ ಆದ ಮೇಲೆ ಸಿಗೋ ಊರು. ರಾಣಿ ಚೆನ್ನಮ್ಮನ ಕಿತ್ತೂರಿಗೆ ಇದೂ ಒಂದು ಹೆಗ್ಗಳಿಕೆ, ಯಾಕೋ ಯಾರೂ ಹೇಳೋದಿಲ್ಲ.

ಆಮೇಲೆ ಬಸ್ ಸ್ಟ್ಯಾಂಡುಗಳಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ಅಂಕಿಯ ಮೀಟರ್. ರಾತ್ರಿ ಹನ್ನೊಂದಾದ ಮೇಲೆ ಕಾಲು ದರ ಅಂತ ಜನ ಸರತಿಯಲ್ಲಿ ನಿಲ್ತಿದ್ರು. ಆ ಮೀಟರ್ ತಿರುಗೋದಕ್ಕೂ ಎಕ್ಸ್‌ಚೇಂಜಿಂದ ಸಿಗ್ನಲ್ ಬರಬೇಕು. ಆ ಕಡೆ ಎತ್ತಿದ್ರು ಅನ್ನೋ ಒಂದು ಸೂಚನೆಯ ಮೇಲೇ ಇಡೀ ಬಿಲ್ಲು ನಿಂತಿದ್ದದ್ದು.

ಈಗ ಒಂದು ಸಣ್ಣ ಅಡ್ಡದಾರಿ. ಅಮೆರಿಕದಲ್ಲಿ ಯಂತ್ರಗಳ ಈ ಮಾತುಕತೆ, ಜನ ಮಾತಾಡೋ ತಂತಿಯಲ್ಲೇ ಸ್ವರಗಳಾಗಿ ಹೋಗ್ತಿತ್ತು. 2600 ಹರ್ಟ್ಜ್‌ನ ಒಂದು ಸೀಟಿ ಊದಿದ್ರೆ, ಲೈನ್ ಖಾಲಿ ಇದೆ ಅಂತ ಎಕ್ಸ್‌ಚೇಂಜ್ ನಂಬ್ತಿತ್ತು. ಹುಡುಗರು ಇದನ್ನ ಕಂಡುಹಿಡಿದು ಬಿಟ್ಟಿ ಕಾಲ್ ಮಾಡೋಕೆ ಶುರು ಮಾಡಿದ್ರು. ಬ್ಲೂ ಬಾಕ್ಸ್ ಅನ್ನೋ ಆ ಪೆಟ್ಟಿಗೆ ಮಾಡಿ ಮಾರಿದವರಲ್ಲಿ ಇಬ್ಬರು, ಸ್ಟೀವ್ ವಾಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್. ಆ್ಯಪಲ್‌ಗೂ ಮುಂಚಿನ ಕತೆ. ಸಿಗ್ನಲಿಂಗನ್ನ ಮಾತಿನ ತಂತಿಯಿಂದ ಬೇರೆ ಮಾಡಿ, ಗ್ರಾಹಕರ ಕೈಗೆ ಸಿಗದ ಪ್ರತ್ಯೇಕ ಜಾಲದಲ್ಲಿ ಓಡಿಸೋ ಪದ್ಧತಿ ಗಟ್ಟಿಯಾಗೋಕೆ ಇದೂ ಒಂದು ಕಾರಣ. 1980ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಎಸ್.ಎಸ್.7 ಅಂಥದ್ದು. ಇವತ್ತಿನ 2ಜಿ ಕರೆ ಕೂಡ ಅದರ ಮೇಲೇ ನಡೆಯೋದು. ಅದರ ಒಳಗಿನ ನಂಬಿಕೆ ಸರಳ: ಈ ಜಾಲದಲ್ಲಿ ಇರೋರೆಲ್ಲ ಟೆಲಿಫೋನ್ ಕಂಪನಿಗಳು, ಎಲ್ಲರೂ ನಮ್ಮವರೇ.

ಆಗ ಇಂಟರ್ನೆಟ್ ಬಂತು. ಅಲ್ಲಿ "ನಮ್ಮವರು" ಅನ್ನೋದೇ ಇಲ್ಲ.

2003ರ ಸುಮಾರಿಗೆ ನಾನು ದುರ್ಗದಲ್ಲಿ ಪಿಯು ಓದ್ತಿದ್ದೆ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್. ಅಮೆರಿಕದಲ್ಲಿದ್ದ ನಮ್ಮ ಚಿಕ್ಕಪ್ಪನ ಜೊತೆ ಮಾತಾಡ್ಬೇಕು ಅಂತ ಹೆಡ್‌ಸೆಟ್ ಹಾಕ್ಕೊಂಡು ನೆಟ್‌ಮೀಟಿಂಗ್ ತೆರೆದೆ, ವಿಂಡೋಸ್ ಜೊತೆಗೇ ಬರ್ತಿದ್ದ ತಂತ್ರಾಂಶ. ಕಾಲ್ ಸೇರ್ತು. ನನ್ನ ಮಾತು ಚಿಕ್ಕಪ್ಪನಿಗೆ ಕೇಳ್ತಿದೆ, ಅವರದು ನನಗೆ ಒಂದಕ್ಷರ ಬರ್ತಿಲ್ಲ. ಅರ್ಧ ಗಂಟೆ ಊರ ಸಮಾಚಾರ ಎಲ್ಲಾ ಹೇಳಿ, ಗಾಳಿಗೆ ಮಾತಾಡಿದ ಹಾಗೆ ಆಗಿ ಎದ್ದು ಬಂದೆ. ಅವರು ಕೀಬೋರ್ಡಲ್ಲಿ "ಹ್ಞೂಂ, ಹ್ಞೂಂ" ಅಂತ ಟೈಪ್ ಮಾಡ್ತಿದ್ರು.

ಯಾಕೆ ಹೀಗಾಯ್ತು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ಇಂಟರ್ನೆಟ್ ಕರೆಯಲ್ಲಿ ಸಿಗ್ನಲಿಂಗ್ ಒಂದು ದಾರಿ ಹಿಡಿಯುತ್ತೆ, ದನಿ ಇನ್ನೊಂದು ದಾರಿ. "ನಿನ್ನ ದನಿಯನ್ನ ಈ ವಿಳಾಸಕ್ಕೆ ಕಳಿಸು" ಅಂತ ಸಿಗ್ನಲಿಂಗ್ ಸಂದೇಶದಲ್ಲಿ ಬರೆದಿರುತ್ತೆ. ನನ್ನ ಕಂಪ್ಯೂಟರ್ ಬರೆದದ್ದು ಕೆಫೆಯ ಒಳಗಿನ ವಿಳಾಸ. ಹತ್ತು ಮೆಷಿನ್‌ಗೆ ಒಂದೇ ಸಂಪರ್ಕ ಹಂಚ್ಕೊಂಡಿದ್ದ ಕೆಫೆ ಅದು. ಹೊರಗಿನ ಪ್ರಪಂಚಕ್ಕೆ ಆ ವಿಳಾಸ ಇಲ್ಲವೇ ಇಲ್ಲ. ಚಿಕ್ಕಪ್ಪನ ದನಿ ಬಾಗಿಲು ಸಿಗದೆ ಬೀದಿಯಲ್ಲೇ ಉಳೀತು. ಇವತ್ತಿಗೂ ಆ್ಯಪ್ ಕಾಲ್‌ನಲ್ಲಿ ಒಂದು ಕಡೆ ಮಾತ್ರ ಕೇಳಿಸಿದ್ರೆ, ಎಷ್ಟೋ ಸಲ ಕಾರಣ ಇಂಥದ್ದೇ.

ನೆಟ್‌ಮೀಟಿಂಗ್ ಬಳಸ್ತಿದ್ದದ್ದು ಎಚ್.323 ಅನ್ನೋ ಪ್ರೋಟೋಕಾಲ್. 1996ರಲ್ಲಿ ಅದನ್ನ ರೂಪಿಸಿದ್ದು ಐಟಿಯು, ಸರ್ಕಾರಗಳು ಮತ್ತು ಟೆಲಿಫೋನ್ ಇಲಾಖೆಗಳ ಜಾಗತಿಕ ಸಂಸ್ಥೆ. ಹಾಗಾಗಿ ಅದಕ್ಕೆ ಇಲಾಖೆಯ ಗುಣ. ಕರೆ ಶುರು ಮಾಡೋಕೆ ಒಂದು ನಿಯಮಾವಳಿ, ದನಿಯ ಬಗೆ ನಿರ್ಧರಿಸೋಕೆ ಇನ್ನೊಂದು, ಎಲ್ಲ ಯಂತ್ರಕ್ಕೆ ಮಾತ್ರ ಓದೋಕಾಗೋ ಸಂಕೇತದಲ್ಲಿ. ಗಟ್ಟಿ ಕೆಲಸ, ಆದ್ರೆ ಕಡತದ ಮೇಲೆ ಕಡತ.

ಅದೇ ಹೊತ್ತಿಗೆ ವಿಶ್ವವಿದ್ಯಾಲಯಗಳಲ್ಲಿದ್ದ ಕೆಲವರು, ಮಾರ್ಕ್ ಹ್ಯಾಂಡ್ಲಿ, ಈವ್ ಸ್ಕೂಲರ್, ಹೆನಿಂಗ್ ಶುಲ್ಜ್‌ರಿನ್ನೆ, ಇಂಟರ್ನೆಟ್‌ನಲ್ಲಿ ಸಭೆಗಳಿಗೆ ಜನರನ್ನ ಆಹ್ವಾನಿಸೋ ಒಂದು ಸರಳ ವಿಧಾನ ಹುಡುಕ್ತಿದ್ರು. ಎರಡು ಬೇರೆ ಬೇರೆ ಕರಡು ಸೇರಿ ಒಂದಾದವು. 1999ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2543 ಅಂತ ಹೊರಬಂತು, 2002ರ ಜೂನ್‌ನಲ್ಲಿ ತಿದ್ದುಪಡಿಯಾಗಿ ಆರ್‌ಎಫ್‌ಸಿ 3261. ಹೆಸರು ಸೆಷನ್ ಇನಿಶಿಯೇಷನ್ ಪ್ರೋಟೋಕಾಲ್. ಚಿಕ್ಕದಾಗಿ ಸಿಪ್.

ಸಿಪ್ ನೋಡಿದ್ರೆ ನಗು ಬರುತ್ತೆ, ಅಷ್ಟು ಸರಳ. ಅದು ಒಂದು ಕಾಗದ, ಓದೋಕೆ ಬರೋ ಅಕ್ಷರಗಳಲ್ಲೇ. ಮೊದಲ ಸಾಲು "ಇನ್ವೈಟ್", ಅಂದ್ರೆ ಬನ್ನಿ ಅಂತ. ಆಮೇಲೆ "ಫ್ರಂ", ಯಾರಿಂದ. "ಟು", ಯಾರಿಗೆ. "ವಯಾ" ಅಂತ ಇನ್ನೊಂದು ಸಾಲು. ಕಾಗದ ಯಾವ ಯಾವ ಸರ್ವರ್ ದಾಟಿತೋ ಪ್ರತಿಯೊಂದೂ ತನ್ನ ಮುದ್ರೆ ಒತ್ತುತ್ತೆ, ಅಂಚೆ ಕಚೇರಿ ಸೀಲಿನ ಥರ. ಉತ್ತರ ಅದೇ ಮುದ್ರೆಗಳ ಜಾಡು ಹಿಡಿದು ವಾಪಸ್ ಬರುತ್ತೆ. ಉತ್ತರಗಳಿಗೆ ನಂಬರ್ ಇದೆ. 100 ಅಂದ್ರೆ ಪ್ರಯತ್ನ ಮಾಡ್ತಿದ್ದೀನಿ. 180 ಅಂದ್ರೆ ಗಂಟೆ ಬಾರಿಸ್ತಿದೆ. 200 ಅಂದ್ರೆ ಎತ್ತಿದ್ರು. 486 ಬ್ಯುಸಿ. 404 ಅಂಥವರಿಲ್ಲ, ಹೌದು, ವೆಬ್‌ಸೈಟ್ ಸಿಗದಾಗ ಬರೋ ಅದೇ 404, ಅಲ್ಲಿಂದಲೇ ಎರವಲು. ಕೊನೆಗೆ ಫೋನ್ ಇಟ್ಟಾಗ ಹೋಗೋ ಸಂದೇಶದ ಹೆಸರು "ಬೈ". ಒಂದು ಕಾಕತಾಳೀಯ: ನಮ್ಮಜ್ಜನ ಕಾಲದಲ್ಲಿ ಟ್ರಂಕ್ ಬುಕ್ ಮಾಡೋ ನಂಬರ್ ಕೂಡ 180.

ಎಲ್ಲಕ್ಕಿಂತ ದೊಡ್ಡ ವಿಷಯ ಸಿಪ್ ವಿಳಾಸದ್ದು. ಅದು ತಂತಿಯ ತುದಿ ಅಲ್ಲ. ಇಮೇಲ್ ಥರ, ಒಬ್ಬ ಮನುಷ್ಯನ ಹೆಸರು. ನಿಮ್ಮ ಫೋನು, ಲ್ಯಾಪ್‌ಟಾಪು, ಆಫೀಸಿನ ಯಂತ್ರ, ಪ್ರತಿಯೊಂದೂ ಆಗಾಗ "ಇವರು ಸದ್ಯ ಇಲ್ಲಿದ್ದಾರೆ" ಅಂತ ಸರ್ವರ್‌ಗೆ ಹೇಳ್ತಾ ಇರುತ್ತೆ. ಅದಕ್ಕೆ ರಿಜಿಸ್ಟರ್ ಅಂತ ಹೆಸರು. ಕರೆ ಬಂದಾಗ ಸರ್ವರ್ ಆ ಪಟ್ಟಿ ನೋಡಿ ಹುಡುಕಿ ಕೊಡುತ್ತೆ. ಗುರುತು ಸಿಕ್ತಾ? ಇದು ಪಿ.ಪಿ. ಕಾಲ್! ಓಡಿ ಹೋಗಿ ಕರ್ಕೊಂಡು ಬರೋ ಅಂಗಡಿ ಹುಡುಗ ವಾಪಸ್ ಬಂದ. ವರ್ಷಗಳ ಕಾಲ ಅಂಕಿಗಳ ಹಿಂದೆ ಹೋಗಿದ್ದ ಟೆಲಿಫೋನು ಮತ್ತೆ ಮನುಷ್ಯನನ್ನ ಹುಡುಕೋಕೆ ಶುರು ಮಾಡ್ತು.

ವಾಪಸ್ ಬರದೇ ಇದ್ದದ್ದು ಆಪರೇಟರ್.

"ಫ್ರಂ" ಅನ್ನೋ ಸಾಲು ಇದೆಯಲ್ಲ, ಅದನ್ನ ಬರೆಯೋದು ಕರೆ ಮಾಡೋನೇ. ಕಾಗದದ ಹಿಂದೆ ಕಳಿಸಿದವರ ವಿಳಾಸ ಬರೆದ ಹಾಗೆ. ಏನು ಬೇಕಾದ್ರೂ ಬರೀಬಹುದು. ಇದು ಅದನ್ನ ಮಾಡಿದವರಿಗೆ ಗೊತ್ತಿಲ್ಲದ ವಿಷಯ ಏನಲ್ಲ. 2002ರಲ್ಲೇ ಇನ್ನೊಂದು ಸಾಲು ಸೇರಿಸಿದ್ರು: ಕರೆ ಮಾಡಿದವನು ಇವನೇ ಅಂತ ನೆಟ್‌ವರ್ಕ್ ತಾನೇ ಖಾತ್ರಿ ಮಾಡಿ ಬರೆಯೋ ಸಾಲು. ಆದ್ರೆ ಅದಕ್ಕೆ ಬೆಲೆ ಇರೋದು ಪರಸ್ಪರ ನಂಬೋ ಕಂಪನಿಗಳ ಬೇಲಿಯೊಳಗೆ ಮಾತ್ರ. ಬೇಲಿಯಲ್ಲಿ ಒಂದು ಕಿಂಡಿ ಇದ್ರೆ? ದುರ್ಗದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆಯೂ ಕಿಂಡಿಯಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ನಿಂತಿತ್ತು. ಜಾಲಗಳ ಗಡಿಯಲ್ಲೂ ಬಂದ ಕರೆಯನ್ನ ತಡೆದು ಪರೀಕ್ಷೆ ಮಾಡೋ ಯಂತ್ರಗಳಿವೆ. ಒನಕೆ ಹಿಡಿದು ನಿಂತಿದ್ರೆ ಸರಿ. ನಿದ್ದೆ ಮಾಡ್ತಿದ್ರೆ, ಎಲ್ಲೋ ಕೂತವನ ಕರೆ ದುರ್ಗದ ನಂಬರ್ ಹೊತ್ಕೊಂಡು ಹೊಸದುರ್ಗದ ಅಡುಗೆಮನೆಗೆ ಬರುತ್ತೆ.

ನಮ್ಮ ಸರ್ಕಾರ ಮೊದಲಿಂದಲೂ ಈ ಗಡಿಯ ವಿಷಯದಲ್ಲಿ ಬಹಳ ಬಿಗಿ, ಆದ್ರೆ ಚಿಂತೆ ಬೇರೆ ಇತ್ತು ಅನ್ನೋದು ನನ್ನ ಅನಿಸಿಕೆ. ಇಂಟರ್ನೆಟ್ ಟೆಲಿಫೋನಿ ಕಾನೂನುಬದ್ಧ ಆಗಿದ್ದು 2002ರ ಏಪ್ರಿಲ್ 1ಕ್ಕೆ. ಷರತ್ತು ಏನಂದ್ರೆ, ಕಂಪ್ಯೂಟರಿಂದ ಕಂಪ್ಯೂಟರ್‌ಗೆ ಮಾಡಬಹುದು, ಕಂಪ್ಯೂಟರಿಂದ ವಿದೇಶದ ಫೋನಿಗೆ ಮಾಡಬಹುದು, ಆದ್ರೆ ಭಾರತದ ಫೋನಿಗೆ ಮಾಡೋ ಹಾಗಿಲ್ಲ. ಅಂದ್ರೆ ದುರ್ಗದ ಕೆಫೆಯಲ್ಲಿ ಕೂತು ನಾನು ಚಿಕಾಗೋದ ಲ್ಯಾಂಡ್‌ಲೈನಿಗೆ ಫೋನ್ ಮಾಡಬಹುದಿತ್ತು. ಹತ್ತಿರದ ಹೊಳಲ್ಕೆರೆಯಲ್ಲಿದ್ದ ನಮ್ಮ ಸೋದರತ್ತೆಗೆ ಮಾಡೋ ಹಾಗಿರಲಿಲ್ಲ. ಭದ್ರತೆಯ ಮಾತು ಇದ್ದೇ ಇತ್ತು. ಎಸ್‌ಟಿಡಿ ಆದಾಯದ ಮಾತೂ ಇತ್ತು.

ಈ ಬೇಲಿ ಬಿದ್ದದ್ದು ಹದಿನಾರು ವರ್ಷದ ಮೇಲೆ. 2017ರ ಅಕ್ಟೋಬರ್‌ನಲ್ಲಿ ಟ್ರಾಯ್ ಶಿಫಾರಸು ಮಾಡ್ತು, 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಜುಲೈನಲ್ಲಿ ಬಿಎಸ್‌ಎನ್‌ಎಲ್ "ವಿಂಗ್ಸ್" ಅಂತ ಒಂದು ಸೇವೆ ತಂತು, ಸಿಮ್ ಇಲ್ಲದೆ ಆ್ಯಪ್ ಮೂಲಕ ಯಾವ ನಂಬರಿಗಾದ್ರೂ ಕರೆ, ವರ್ಷಕ್ಕೆ 1,099 ರೂಪಾಯಿ. ಹೆಚ್ಚು ಜನರಿಗೆ ಗೊತ್ತೇ ಆಗಲಿಲ್ಲ.

ಗೊತ್ತಾಗದೇ ಇರೋಕೆ ಕಾರಣ, ಆ ಹೊತ್ತಿಗೆ ಸಿಪ್ ಬೇರೆ ಬಾಗಿಲಿಂದ ಎಲ್ಲರ ಜೇಬಿಗೂ ಬಂದಾಗಿತ್ತು. 2000ದ ಕೊನೆಯಲ್ಲೇ ಮೊಬೈಲ್ ಮಾನದಂಡ ರೂಪಿಸೋ 3ಜಿಪಿಪಿ ಸಂಸ್ಥೆ, ಮುಂದಿನ ತಲೆಮಾರಿನ ಕರೆಗಳಿಗೆ ಸಿಪ್ ಸಾಕು ಅಂತ ತೀರ್ಮಾನ ಮಾಡಿತ್ತು. ಎಚ್.323 ಸೋತಿದ್ದು ಅಲ್ಲೇ. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತಲ್ಲ, ಅದಕ್ಕೆ 2ಜಿ, 3ಜಿ ಇರಲೇ ಇಲ್ಲ. ಎಲ್ಲಾ ಕರೆಯೂ ವೋಲ್ಟಿ, ಅಂದ್ರೆ ಡೇಟಾ ಜಾಲದ ಮೇಲೆ ಸಿಪ್. ಅದಕ್ಕೆ ಮುಂಚೆ ಕರೆ ಬಂದ್ರೆ ನೆಟ್ ನಿಂತು ಹೋಗ್ತಿತ್ತು, ನೆನಪಿದೆಯಾ? ಕರೆಗೋಸ್ಕರ ಫೋನು ಹಳೇ ಜಾಲಕ್ಕೆ ಇಳೀತಿತ್ತು. ಈಗ ನಿಮ್ಮ ಫೋನಿನ ಮೇಲ್ಗಡೆ ವೋಲ್ಟಿ ಅನ್ನೋ ಚಿಹ್ನೆ ಕಾಣುತ್ತಲ್ಲ, ಅದರ ಅರ್ಥ ಇಷ್ಟೇ: ರಿಜಿಸ್ಟರ್ ಆಗಿದೆ, "ಇವರು ಇಲ್ಲಿದ್ದಾರೆ" ಅಂತ ಸರ್ವರ್‌ಗೆ ಹೇಳಾಗಿದೆ.

ಮನೆಯ ಲ್ಯಾಂಡ್‌ಲೈನೂ ಬದಲಾಯ್ತು. ತಾಮ್ರದ ತಂತಿ ಹೋಗಿ ಫೈಬರ್ ಬಂದ ಮೇಲೆ, ನಮ್ಮ ಹಳೇ 08199 ನಂಬರ್ ಈಗ ಗೋಡೆ ಮೇಲಿನ ಬಿಳಿ ಪೆಟ್ಟಿಗೆಯೊಳಗಿನ ಒಂದು ಸಿಪ್ ಖಾತೆ. ಮಾತು ಸ್ಪಷ್ಟ. ಆದ್ರೆ ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರ್ತಿತ್ತು, ಊರೆಲ್ಲ ಕತ್ತಲಾದ್ರೂ ಫೋನ್ ಜೀವಂತ. ಈಗ ಕರೆಂಟ್ ಹೋದ್ರೆ ಪೆಟ್ಟಿಗೆ ಸಾಯುತ್ತೆ, ಜೊತೆಗೆ ಫೋನೂ. ರಾತ್ರಿ ಹೊತ್ತು ಯಾರಿಗಾದ್ರೂ ಎದೆನೋವು ಬಂದ್ರೆ ಇದು ಸಣ್ಣ ವಿಷಯ ಅಲ್ಲ. ಪೆಟ್ಟಿಗೆಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿದ್ದೀವಿ. ನಿಮ್ಮಲ್ಲೂ ವಯಸ್ಸಾದವರಿದ್ರೆ ಹಾಕಿಸಿ.

ಇನ್ನು ಅಮ್ಮನ ಪ್ರಶ್ನೆ. ಅಮೆರಿಕದಲ್ಲಿ 2021ರ ಜೂನ್ ಕೊನೆಯಿಂದ ದೊಡ್ಡ ಕಂಪನಿಗಳು ಸಿಪ್ ಸಂದೇಶಕ್ಕೆ ಡಿಜಿಟಲ್ ಸಹಿ ಹಾಕಲೇಬೇಕು. ನಂಬರ್ ಇವನದೇ ಅಂತ ಕರೆ ಹೊರಟ ಕಂಪನಿ ರುಜು ಹಾಕುತ್ತೆ. ಆ ಪದ್ಧತಿಗೆ "ಸ್ಟಿರ್, ಶೇಕನ್" ಅಂತ ಹೆಸರು. ಜೇಮ್ಸ್ ಬಾಂಡ್ ಅಭಿಮಾನಿಗಳಿಗೆ ಜೋಕ್ ಅರ್ಥ ಆಗುತ್ತೆ. ನಮ್ಮಲ್ಲಿ ಹಿಡಿದದ್ದು ಬೇರೆ ದಾರಿ. 2024ರ ಅಕ್ಟೋಬರ್ 22ಕ್ಕೆ ಕೇಂದ್ರ ಸರ್ಕಾರ ಒಂದು ವ್ಯವಸ್ಥೆ ಶುರು ಮಾಡ್ತು: ಹೊರದೇಶದಿಂದ ಒಳಗೆ ಬರ್ತಿರೋ ಕರೆ ಭಾರತದ ನಂಬರ್ ತೋರಿಸ್ತಿದ್ರೆ, ಗಡಿಯಲ್ಲೇ ತಡೆಯೋದು. ಮೊದಲ 24 ಗಂಟೆಯಲ್ಲಿ ತಡೆದ ಕರೆಗಳು ಸುಮಾರು 1.35 ಕೋಟಿ ಅಂತ ಸರ್ಕಾರವೇ ಹೇಳ್ತು. ಒಂದು ದಿನಕ್ಕೆ! ಕಿಂಡಿ ಎಷ್ಟು ಅಗಲ ಇತ್ತು ಅಂತ ನೀವೇ ಲೆಕ್ಕ ಹಾಕಿ. ಕರೆ ಮಾಡಿದವರ ಹೆಸರನ್ನ ನೆಟ್‌ವರ್ಕೇ ತೋರಿಸಬೇಕು ಅಂತಾನೂ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. "ತಿಪಟೂರಿಂದ ಕಾಲ್ ಇದೆ" ಅಂತಿದ್ದ ಆ ದನಿಯ ಕೆಲಸವನ್ನೇ ಇವೆಲ್ಲ ಮತ್ತೆ ಮಾಡೋಕೆ ಹೊರಟಿರೋದು.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಫೋನ್ ಸುಳ್ಳು ಹೇಳಲಿಲ್ಲಮ್ಮ, ಅವನು ಬರೆದು ಕಳಿಸಿದ್ದನ್ನ ಓದಿ ಹೇಳ್ತು ಅಷ್ಟೇ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಓದೋಕೆ ಮುಂಚೆ ಯಾರೂ ನೋಡಲ್ವಾ?" ಅಂದ್ಲು. ಈಗ ಗೊತ್ತಿಲ್ಲದ ನಂಬರ್ ಬಂದ್ರೆ ಎತ್ತಿ, ಹಲೋ ಅನ್ನೋದಿಲ್ಲ. "ಯಾವೂರು, ಯಾರ ಮನೆಯೋರು, ಯಾರು ಬೇಕಾಗಿತ್ತು?" ಅಂತ ಮೂರು ಪ್ರಶ್ನೆ ಕೇಳ್ತಾಳೆ. ಉತ್ತರ ತಡವರಿಸಿದ್ರೆ ಇಟ್ಟೇ ಬಿಡ್ತಾಳೆ. ಹೋದ ವಾರ ಹಿರಿಯೂರಿನ ಬೀಗರು ಹೊಸ ನಂಬರಿಂದ ಮಾಡಿ, ಬೈಸ್ಕೊಂಡು, ನನಗೆ ದೂರು ಹೇಳಿದ್ರು.

ನಿಮಗೆ ಇಂಥ ಕರೆ ಬಂದು ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ "ಪಿ.ಪಿ." ಅಂತ ಅಚ್ಚಾಗಿರೋ ಹಳೇ ಮದುವೆ ಕಾರ್ಡ್ ಸಿಕ್ಕಿದ್ರೆ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.